ಒದ್ದೆ ಸೊಪ್ಪು

ಮೊದಲು ಬಂದದ್ದು ಜೊಲ್ಲು. ಉಗುಳಿದಷ್ಟೂ ಬಾಯಿ ತುಂಬಾ ನೀರು. ಆಮೇಲೆ ಹಣೆಯ ಮೇಲೆ ತಣ್ಣನೆ ಬೆವರು. ಕುಶಾಲನಗರದಲ್ಲಿ ಡಿಸೆಂಬರ್ ತಿಂಗಳ ಸಂಜೆ ಅದು. ಎಲ್ಲರೂ ಸ್ವೆಟರ್ ಹಾಕಿಕೊಂಡು ಕೂತಿದ್ದರು, ನನ್ನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಕೈಯಲ್ಲಿದ್ದ ಸಿಗಾರನ್ನು ತಟ್ಟೆಯಲ್ಲಿ ಇಡಲು ಹೋದರೆ ಬೆರಳು ನಡುಗುತ್ತಿದ್ದವು.

ಗೆಳೆಯನಿಗೆ ಮಗಳು ಹುಟ್ಟಿದ್ದಳು. ಅಮೆರಿಕದಿಂದ ಬಂದಿದ್ದ ಅವನ ಅಣ್ಣ ಡೊಮಿನಿಕನ್ ಸಿಗಾರಿನ ಪೆಟ್ಟಿಗೆ ತಂದಿದ್ದರು. ಮಗು ಹುಟ್ಟಿದ ಖುಷಿಗೆ ಅಲ್ಲಿ ಸಿಗಾರ್ ಹಂಚುವ ರೂಢಿ ಇದೆ. ನಾನು ಬೀಡಿ, ಸಿಗರೇಟು ಮುಟ್ಟಿದವನಲ್ಲ. ಆದರೆ ಪಿರಿಯಾಪಟ್ಟಣದ ಹತ್ತಿರ ನಮ್ಮೂರು, ಹೊಗೆಸೊಪ್ಪು ಬೆಳೆದೇ ನಮ್ಮ ಮನೆ ನಡೆದದ್ದು. "ಬೆಳೆಯೋರ ಮನೆ ಹುಡುಗ ನೀನು, ಒಂದು ಸಲನಾದ್ರೂ ನೋಡು" ಅಂತ ಎಲ್ಲರೂ ಒತ್ತಾಯ ಮಾಡಿದರು. ತಗೊಂಡೆ.

ಬೆಳಿಗ್ಗೆ ಬೆಂಗಳೂರಿನಲ್ಲಿ ಎರಡು ಇಡ್ಲಿ ತಿಂದು ಬಸ್ಸು ಹತ್ತಿದವನು, ಮಧ್ಯಾಹ್ನ ಊಟ ಮಾಡಿರಲಿಲ್ಲ. ಬಂದ ಮೇಲೆ ಎರಡು ಲೋಟ ಕಾಫಿ ಕುಡಿದಿದ್ದೆ, ಅಷ್ಟೇ. ಸಿಗಾರು ಪದೇ ಪದೇ ಆರಿಹೋಗುತ್ತಿತ್ತು. ಆರಬಾರದು ಅಂತ ಬೇಗ ಬೇಗ ಎಳೆದೆ. ಸಿನಿಮಾದಲ್ಲಿ ಸಿಗರೇಟು ಸೇದುವವರನ್ನು ನೋಡಿದ್ದೆನಲ್ಲ, ಹಾಗೇ ಹೊಗೆಯನ್ನು ಎದೆಯ ತನಕ ತೆಗೆದುಕೊಂಡೆ. ಬಾಯಲ್ಲಿ ಊರಿದ ಎಂಜಲನ್ನು ನುಂಗುತ್ತಾ ಹೋದೆ. ಇಪ್ಪತ್ತು ನಿಮಿಷ ಆಗಿರಬೇಕು. ಎದುರಿಗಿದ್ದ ದೀಪ ನಿಧಾನಕ್ಕೆ ಪಕ್ಕಕ್ಕೆ ಜಾರಿತು.

ಗೆಳೆಯನ ಸೋದರಮಾವ ಸೈನ್ಯದಲ್ಲಿದ್ದು ನಿವೃತ್ತರಾದವರು. ನನ್ನ ಮುಖ ನೋಡಿದ ತಕ್ಷಣ ಎದ್ದು ಬಂದರು.

"ಹೊಗೆ ಒಳಕ್ಕೆ ಎಳೆದ್ಯೇನಪ್ಪಾ?"

ತಲೆ ಆಡಿಸಿದೆ.

"ಊಟ?"

ಇಲ್ಲ ಅಂದೆ. ಅವರು ನನ್ನನ್ನು ಜಗಲಿಗೆ ಕರೆದುಕೊಂಡು ಬಂದು ಗಾಳಿಗೆ ಕೂರಿಸಿದರು. "ನುಂಗಬೇಡ, ಉಗುಳು" ಅಂದರು. ನೀರಲ್ಲಿ ಬಾಯಿ ಮುಕ್ಕಳಿಸಿಸಿದರು. ಒಂದು ತುಂಡು ಬೆಲ್ಲ, ನೀರು ಕೊಟ್ಟರು. ನಾನು ಬೇಲಿಯ ಪಕ್ಕ ಹೋಗಿ ಎಲ್ಲಾ ವಾಂತಿ ಮಾಡಿಕೊಂಡೆ. ವಾಪಸ್ಸು ಬಂದು ಚಾಪೆಯ ಮೇಲೆ ಒಂದು ಮಗ್ಗುಲಿಗೆ ಮಲಗಿದೆ. ಮಾವ ಪಕ್ಕದಲ್ಲೇ ಕೂತರು. ಉಸಿರಾಡೋಕೆ ಕಷ್ಟ ಆದರೆ, ಮಾತು ತಡವರಿಸಿದರೆ ಹೇಳು, ಆಸ್ಪತ್ರೆಗೆ ಹೋಗೋಣ ಅಂದರು. ಹಾಗೇನೂ ಆಗಲಿಲ್ಲ.

ಅವರೇ ವಿವರಿಸಿ ಹೇಳಿದ್ದು: ಸಿಗಾರ್ ಹೊಗೆ ಎದೆಗೆ ಹೋಗಬೇಕಾಗಿಯೇ ಇಲ್ಲ. ಬಾಯಲ್ಲಿ ಇಟ್ಟುಕೊಂಡು ಬಿಟ್ಟರೂ ಸಾಕು, ಕೆನ್ನೆಯ ಒಳಗಿನ ತೆಳು ಚರ್ಮದಿಂದಲೇ ನಿಕೋಟಿನ್ ರಕ್ತಕ್ಕೆ ಸೇರುತ್ತದೆ. ಕಾರಣ ಆಮೇಲೆ ಓದಿ ತಿಳಿದುಕೊಂಡೆ. ಸಿಗಾರ್ ಸೊಪ್ಪನ್ನು ಹುದುಗು ಬರಿಸಿ ಹದ ಮಾಡುತ್ತಾರೆ, ಅದರ ಹೊಗೆಗೆ ಕ್ಷಾರದ ಗುಣ ಜಾಸ್ತಿ. ಹಾಗಿದ್ದಾಗ ನಿಕೋಟಿನ್ ಬಾಯಿಯ ಚರ್ಮವನ್ನು ಸುಲಭವಾಗಿ ದಾಟುತ್ತದೆ. ನಮ್ಮ ಕಡೆ ಬ್ಯಾರನ್ನಿನಲ್ಲಿ, ಅಂದರೆ ಬೆಂಕಿಯ ಕಾವಿನಲ್ಲಿ ಸೊಪ್ಪು ಒಣಗಿಸುವ ಮನೆಯಲ್ಲಿ, ಬೇಯಿಸುವ ಸೊಪ್ಪು ಸಿಗರೇಟಿಗೆ ಹೋಗುವಂಥದ್ದು. ಅದರ ಹೊಗೆ ಸ್ವಲ್ಪ ಹುಳಿ, ಅದಕ್ಕೇ ಸಿಗರೇಟು ಸೇದುವವರು ಎದೆಗೆ ಎಳೆಯುತ್ತಾರೆ. ಇನ್ನು ಪ್ರಮಾಣ. ಒಂದು ದೊಡ್ಡ ಸಿಗಾರಿನಲ್ಲಿ ಒಂದು ಇಡೀ ಪ್ಯಾಕ್ ಸಿಗರೇಟಿನಷ್ಟು ತಂಬಾಕು ಇರಬಹುದು. ಅಭ್ಯಾಸವೇ ಇಲ್ಲದ ನಾನು ಖಾಲಿ ಹೊಟ್ಟೆಯಲ್ಲಿ ಅದನ್ನು ಬಾಯಿಗೂ ಎದೆಗೂ ಎರಡಕ್ಕೂ ಕೊಟ್ಟಿದ್ದೆ.

ಸೇದಿ ಅಭ್ಯಾಸ ಇರುವವರು ಹೊಟ್ಟೆ ತುಂಬಾ ಊಟ ಮಾಡಿ ಕೂರುತ್ತಾರೆ, ನಿಮಿಷಕ್ಕೊಂದು ಸಲ ಎಳೆಯುತ್ತಾರೆ, ಎದೆಗೆ ತಗೊಳ್ಳುವುದಿಲ್ಲ, ತಲೆ ಹಗುರ ಅನ್ನಿಸಿದ ಕ್ಷಣ ಕೆಳಗಿಡುತ್ತಾರೆ ಅಂತ ಮಾವ ಹೇಳಿದರು. "ಆರಿದ್ರೆ ಆರ್‍ಲಿ, ಮತ್ತೆ ಹಚ್ಚಬಹುದು" ಅಂದರು. ಬೆಲ್ಲ ರಕ್ತದಲ್ಲಿರುವ ನಿಕೋಟಿನನ್ನು ತೆಗೆಯುವುದಿಲ್ಲ, ಅದನ್ನು ದೇಹವೇ ಕರಗಿಸಬೇಕು. ಸುಮಾರು ಎರಡು ಗಂಟೆಗೆ ಅದು ಅರ್ಧಕ್ಕೆ ಇಳಿಯುತ್ತದೆ. ನನಗೂ ಒಂಬತ್ತು ಗಂಟೆಯ ಹೊತ್ತಿಗೆ ದೀಪ ತನ್ನ ಜಾಗದಲ್ಲಿ ನಿಂತಿತು.

ಆದರೆ ನಾನು ಬರೆಯಲು ಕೂತದ್ದು ಇದಕ್ಕಲ್ಲ.

ಚಾಪೆಯ ಮೇಲೆ ಮಲಗಿದ್ದಾಗ ಒಂದು ವಿಷಯ ಹೊಳೆಯಿತು. ಈ ಸಂಕಟ ನನಗೆ ಹೊಸದಲ್ಲ. ಇದೇ ಜೊಲ್ಲು, ಇದೇ ತಣ್ಣನೆ ಬೆವರು, ಹೊಟ್ಟೆಯೊಳಗೆ ಯಾರೋ ಕೈಹಾಕಿ ತಿರುಗಿಸಿದ ಹಾಗೆ ಆಗುವುದು, ಎಲ್ಲಾ ಗೊತ್ತಿದ್ದದ್ದೇ. ನಾನು 7ನೇ ಕ್ಲಾಸಿನಲ್ಲಿದ್ದಾಗ ಆಗಸ್ಟ್ ತಿಂಗಳ ಒಂದು ಭಾನುವಾರ ಇದು ನನಗೆ ಆಗಿತ್ತು. ಅವತ್ತು ನಾನು ಯಾವ ಹೊಗೆಯನ್ನೂ ಸೇದಿರಲಿಲ್ಲ.

ನಮ್ಮ ಕಡೆ ಮೇ ತಿಂಗಳಲ್ಲಿ ಸಸಿ ನೆಟ್ಟರೆ ಜುಲೈ ಕೊನೆಯಿಂದ ಸೊಪ್ಪು ಮುರಿಯುವುದು ಶುರು. ಸರಿಯಾಗಿ ಮಳೆಗಾಲ. ಗಿಡದ ಬುಡದಿಂದ ಎರಡು ಮೂರು ಎಲೆ, ಒಂದು ವಾರ ಬಿಟ್ಟು ಅದರ ಮೇಲಿನವು, ಹೀಗೆ ಮೇಲಕ್ಕೆ ಹೋಗುತ್ತಾರೆ. ಎಲೆ ಹದಕ್ಕೆ ಬಂದರೆ ಕಾಯುವುದಿಲ್ಲ. ಬ್ಯಾರನ್ನು ತುಂಬಬೇಕು, ರಾತ್ರಿ ಬೆಂಕಿ ಹಾಕಬೇಕು. ಅದಕ್ಕೇ ಬೆಳಿಗ್ಗೆ ಆರಕ್ಕೇ ಹೊಲಕ್ಕೆ ಇಳಿಯುತ್ತಿದ್ದೆವು. ಆ ಭಾನುವಾರ ರಾತ್ರಿಯೆಲ್ಲಾ ಜಿನುಗು ಮಳೆ ಹೊಡೆದಿತ್ತು. ನನ್ನ ಎದೆಯೆತ್ತರದ ಗಿಡಗಳು. ಮುರಿದ ಎಲೆಗಳನ್ನು ಎಡಗಂಕುಳಲ್ಲಿ ಪೇರಿಸಿಕೊಂಡು ಹೋಗಬೇಕು. ನೀರು ಎಲೆಯಿಂದ ಕಂಕುಳಿಗೆ, ಕಂಕುಳಿಂದ ಪಕ್ಕೆಗೆ ಇಳಿಯುತ್ತಿತ್ತು. ಹತ್ತು ಗಂಟೆಯ ಹೊತ್ತಿಗೆ ಅಂಗಿ, ಚಡ್ಡಿ ಎಲ್ಲಾ ತೊಪ್ಪೆ. ಮೇಲೆ ಕಪ್ಪು ಜಿಗುಟು.

ಮಧ್ಯಾಹ್ನ ಮನೆಯ ಮುಂದೆ ಕಡ್ಡಿಗೆ ಸೊಪ್ಪು ಕಟ್ಟುತ್ತಾ ಕೂತಿದ್ದಾಗ ನನಗೆ ತಲೆ ತಿರುಗಿತು. ರಾತ್ರಿಯ ತನಕ ನಾಲ್ಕು ಸಲ ವಾಂತಿ. ಅಜ್ಜಿ ಗಾಳಿ ಸೋಕಿದೆ ಅಂತ ಮೆಣಸಿನಕಾಯಿ, ಉಪ್ಪು ನಿವಾಳಿಸಿ ಒಲೆಗೆ ಹಾಕಿದಳು. ಅಪ್ಪ ಪಿತ್ತ ಅಂದ. ಅವ್ವ ಏನೂ ಅನ್ನಲಿಲ್ಲ. ಒದ್ದೆ ಬಟ್ಟೆ ಬಿಚ್ಚಿಸಿ ಬಿಸಿನೀರು ಹುಯ್ದು ಹುಣಸೆಹಣ್ಣು ಹಾಕಿ ಕೈ ಕಾಲು ತಿಕ್ಕಿದಳು. ಅವಳೇ ನನಗೆ ಸರಿಯಾದ ಚಿಕಿತ್ಸೆ ಮಾಡಿದವಳು. ನಿಕೋಟಿನ್ ನೀರಿನಲ್ಲಿ ಕರಗುತ್ತದೆ. ಎಲೆಯ ಮೇಲಿನ ಇಬ್ಬನಿ, ಮಳೆಯ ನೀರು ಅದನ್ನು ಹೊತ್ತು ತಂದು ಚರ್ಮದ ಮೂಲಕ ಮೈಗೆ ಸೇರಿಸುತ್ತವೆ. ಒದ್ದೆ ಬಟ್ಟೆ ಮೈಗಂಟಿ ಇರುವಷ್ಟು ಹೊತ್ತೂ ಅದು ಒಳಗೆ ಹೋಗುತ್ತಲೇ ಇರುತ್ತದೆ. ಇದಕ್ಕೆ ಗ್ರೀನ್ ಟೊಬ್ಯಾಕೊ ಸಿಕ್‌ನೆಸ್ ಅಂತ ಹೆಸರೇ ಇದೆ. 1992ರಲ್ಲಿ ಅಮೆರಿಕದ ಕೆಂಟಕಿಯಲ್ಲಿ ತಂಬಾಕು ಕೊಯ್ಲಿನವರಲ್ಲಿ ಇದರ 47 ಪ್ರಕರಣಗಳು ಆಸ್ಪತ್ರೆಗಳಿಗೆ ಬಂದವು. ಇದನ್ನು ಆ ರಾತ್ರಿ ಕುಶಾಲನಗರದಲ್ಲಿ ಮೊಬೈಲಿನಲ್ಲಿ ಓದುತ್ತಾ ನನಗೆ ನಿದ್ದೆ ಬರಲಿಲ್ಲ. ಇನ್ನೊಂದು ಮಾತು ಅಲ್ಲೇ ಇತ್ತು: ತಂಬಾಕು ಸೇದುವ, ಜಗಿಯುವ ಅಭ್ಯಾಸ ಇರುವವರ ಮೈ ನಿಕೋಟಿನ್‌ಗೆ ಒಗ್ಗಿರುತ್ತದೆ. ಇಲ್ಲದವರಿಗೇ ಇದು ಜಾಸ್ತಿ ಹಿಡಿಯುವುದು.

ಅಪ್ಪ ಬೀಡಿ ಸೇದುತ್ತಿದ್ದ. ಅವನಿಗೆ ಏನೂ ಆಗುತ್ತಿರಲಿಲ್ಲ. ಅವ್ವ ಎಲೆ ಅಡಿಕೆಗೂ ಹೊಗೆಸೊಪ್ಪು ಹಾಕಿಕೊಂಡವಳಲ್ಲ.

ಸೊಪ್ಪು ಮುರಿಯುವ ಎರಡು ತಿಂಗಳೂ ಅವ್ವ ರಾತ್ರಿ ಊಟ ಮಾಡುತ್ತಿರಲಿಲ್ಲ. ನಮಗೆಲ್ಲಾ ಬಡಿಸಿ ಗೋಡೆಗೆ ಒರಗಿ ಕೂರುತ್ತಿದ್ದಳು. "ಸೇರಲ್ಲ ಕಣ್ ಮಗಾ" ಅಂದು ಒಂದು ಲೋಟ ಮಜ್ಜಿಗೆ ಕುಡಿದು ಮಲಗುತ್ತಿದ್ದಳು. ಎಷ್ಟು ತೊಳೆದರೂ ಕೈಯ ಕಹಿ ಹೋಗುವುದಿಲ್ಲ, ಅನ್ನ ಕಲಸಿದರೆ ಅನ್ನವೂ ಕಹಿ. ಅದಕ್ಕೇ ಉಣ್ಣುವುದಿಲ್ಲ ಅಂತ ನಾವು ತಿಳಿದುಕೊಂಡಿದ್ದೆವು. ಕೆಲಸದ ಸುಸ್ತು ಅಂದುಕೊಂಡಿದ್ದೆವು. ಮೂವತ್ತು ವರ್ಷ, ವರ್ಷಕ್ಕೆ ಎರಡು ತಿಂಗಳು, ನನಗೆ ಒಂದು ಸಂಜೆ ಆದದ್ದು ಅವಳಿಗೆ ದಿನಾ ಆಗುತ್ತಿತ್ತು. ಅವಳು ಒಮ್ಮೆಯೂ ಕೆಲಸ ಬಿಟ್ಟು ಮಲಗಲಿಲ್ಲ. ನನಗಾದರೋ ಪಕ್ಕದಲ್ಲಿ ಕೂರಲು ಒಬ್ಬ ಮಾವ ಇದ್ದರು.

ಬೆಳಿಗ್ಗೆ ಆರಕ್ಕೇ ಫೋನ್ ಮಾಡಿದೆ.

"ಅವ್ವಾ, ಸೊಪ್ಪಿನ ಟೈಮಲ್ಲಿ ನಿಂಗೆ ಬಾಯಲ್ಲಿ ನೀರು ಬರ್ತಿತ್ತಾ?"

"ಬತ್ತಿತ್ತು. ಯಾಕ್ಲಾ?"

"ಬೆವರು? ಕೈ ನಡುಗೋದು?"

ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಎಲ್ಲಾ ಹೆಂಗಸ್ರಿಗೂ ಬತ್ತದೆ ಕಣಪ್ಪಾ, ಸೊಪ್ಪಿನ ಕೆಲ್ಸ ಅಂದ್ಮೇಲೆ."

ಮುಂದಿನ ಆಗಸ್ಟಿಗೆ ಹತ್ತು ದಿನ ರಜೆ ಹಾಕಿ ಊರಿಗೆ ಹೋದೆ. ಮೈಸೂರಿನಿಂದ ಆರು ಜೊತೆ ರಬ್ಬರ್ ಕೈಗವಸು, ನಾಲ್ಕು ರೇನ್‌ಕೋಟ್ ತಗೊಂಡೆ, ಅವ್ವನಿಗೂ ಅವಳ ಜೊತೆ ಮುಯ್ಯಾಳಾಗಿ ಬರುವ ಮೂವರಿಗೂ. ಅಪ್ಪನ ಜೊತೆ ಒಂದು ದಿನ ಪೂರ್ತಿ ವಾದ ಆಯಿತು. ಬೆಳಿಗ್ಗೆ ಆರಕ್ಕೆ ಇಳಿಯುವುದು ಬೇಡ, ಎಲೆಯ ಮೇಲಿನ ನೀರು ಆರಲಿ, ಹತ್ತಕ್ಕೆ ಶುರು ಮಾಡೋಣ ಅಂತ ನಾನು. ಬ್ಯಾರನ್ನು ತುಂಬೋದು ರಾತ್ರಿ ಹನ್ನೊಂದಾಗುತ್ತೆ ಅಂತ ಅವನು. ಅವನ ಮಾತೂ ನಿಜವೇ. ಸಾಲ ಇರುವ ಬೆಳೆ ಅದು, ಒಂದು ಬ್ಯಾರನ್ ಸೊಪ್ಪು ಕೆಟ್ಟರೆ ಆ ನಷ್ಟ ತುಂಬಿಕೊಡುವವರು ಯಾರೂ ಇಲ್ಲ. ಕೊನೆಗೆ ಮಳೆ ಬಿದ್ದ ದಿನ ಮಾತ್ರ ತಡವಾಗಿ ಇಳಿಯುವುದು ಅಂತ ಒಪ್ಪಿದ.

ರೇನ್‌ಕೋಟ್ ಒಳಗೆ ಬೇಯುತ್ತದೆ ಅಂತ ಹೆಂಗಸರು ಎರಡನೇ ದಿನಕ್ಕೇ ಬಿಚ್ಚಿ ಬೇಲಿಗೆ ಎಸೆದರು. ಆಗ ಅವ್ವನೇ ಒಂದು ದಾರಿ ಮಾಡಿದಳು. ಗೊಬ್ಬರದ ಪ್ಲಾಸ್ಟಿಕ್ ಚೀಲವನ್ನು ಚೆನ್ನಾಗಿ ತೊಳೆದು ಎರಡೂ ಪಕ್ಕ ಸೀಳಿ, ಕತ್ತಿಗೆ ತೂತು ಮಾಡಿ, ಅಪ್ಪನ ಹಳೆ ತುಂಬುತೋಳಿನ ಅಂಗಿಯ ಮೇಲೆ ಹಾಕಿಕೊಂಡಳು. ಎಡಗಂಕುಳಿಗೆ ಇನ್ನೊಂದು ಮಡಿಕೆ ಕೊಟ್ಟು ಹಗ್ಗದಲ್ಲಿ ಕಟ್ಟಿದಳು. ಸೊಪ್ಪು ಒರಗುವ ಜಾಗ ಅದೇ ಅಲ್ವಾ, ಅದು ನನಗೆ ಹೊಳೆದಿರಲಿಲ್ಲ. ಸೊಪ್ಪು ಮುರಿಯುವಾಗ, ಹೊರುವಾಗ ಕೈಗವಸು ಇರುತ್ತಿತ್ತು. ಕಡ್ಡಿಗೆ ಕಟ್ಟುವಾಗ ದಾರ ಹಿಡಿಯೋಕೆ ಆಗುವುದಿಲ್ಲ, ಆಗ ತೆಗೆಯುತ್ತಿದ್ದಳು. ಅದಕ್ಕೆ ಸೊಪ್ಪನ್ನು ನೆರಳಲ್ಲಿ ಹರಡಿ ನೀರು ಇಳಿದ ಮೇಲೆಯೇ ಕಟ್ಟಲು ಕೂತರು. ಮನೆಗೆ ಬಂದವರೇ ಮೊದಲು ಬಟ್ಟೆ ಬದಲಾಯಿಸಿ ಸೋಪಿನಲ್ಲಿ ಕೈ ಕಾಲು ತೊಳೆದರು. ಮಕ್ಕಳನ್ನು ಒದ್ದೆ ಸೊಪ್ಪಿನ ಹತ್ತಿರ ಬಿಡಲಿಲ್ಲ.

ಆರನೇ ದಿನ ರಾತ್ರಿ ಎಂಟೂವರೆ ಆಗಿತ್ತು. ಅಪ್ಪ ಬ್ಯಾರನ್ನಿಗೆ ಸೌದೆ ಹಾಕಲು ಹೋಗಿದ್ದ. ಅವ್ವ ನನಗೆ ಬಡಿಸಿ ಗೋಡೆಗೆ ಒರಗಿ ಕೂತಳು. ನಾನು ಮಜ್ಜಿಗೆಯ ಲೋಟ ತರಲು ಏಳುತ್ತಿದ್ದೆ. "ಕೂತ್ಕೊ" ಅಂದು ತನ್ನ ತಟ್ಟೆ ಎಳೆದುಕೊಂಡು ಮುದ್ದೆ ಹಾಕಿಕೊಂಡಳು. ಒಂದು ತುತ್ತು ಮುರಿದು ಉಪ್ಸಾರಿನಲ್ಲಿ ಅದ್ದಿ ನುಂಗಿದಳು. ಬೆರಳನ್ನು ಮೂಗಿನ ಹತ್ತಿರ ಹಿಡಿದು ಒಂದು ಸಲ ಮೂಸಿ ನೋಡಿದಳು. ಆಮೇಲೆ ಇನ್ನೊಂದು ತುತ್ತು ಮುರಿದಳು.