ಕೀ ಪ್ರೆಸ್ 38

ಭಾನುವಾರದಿಂದ ತಲೆಯಲ್ಲಿ ಒಂದೇ ನಂಬರ್ ಸುತ್ತುತ್ತಿದೆ. 38.

ಅಕ್ಕನ ಮಗ ಬೆಂಗಳೂರಿನಿಂದ ಬಂದಿದ್ದ. ಎಂಜಿನಿಯರಿಂಗ್ ಓದುತ್ತಿದ್ದಾನೆ. ಚುರುಕು ಹುಡುಗ, ಆದರೆ ಕುಡಿದ ಕಾಫಿ ಲೋಟವನ್ನು ಕೂತಲ್ಲೇ ಬಿಟ್ಟು ಏಳುವ ಗಿರಾಕಿ. ಬಿ.ಎಚ್. ರಸ್ತೆ ಹತ್ತಿರದ ನನ್ನ ಡಿಟಿಪಿ ಅಂಗಡಿಗೆ ಬಂದವನೇ ಕಂಪ್ಯೂಟರ್ ಮುಂದೆ ಕೂತ. "ಮಾವ, ಇನ್ನೂ ಎಕ್ಸ್‌ನಲ್ಲೇ ಇದ್ದೀರಾ?" ಅಂದ. ಇನ್ನೂ ಲೂನಾ ಓಡಿಸ್ತೀರಾ ಅನ್ನುವ ಧಾಟಿ. ಎಕ್ಸ್ ಅಂದರೆ ಪರದೆ ಮೇಲೆ ಕಿಟಕಿಗಳನ್ನು ತೋರಿಸುವ, ಒತ್ತಿದ ಕೀಲಿಗಳನ್ನು ಅವಕ್ಕೆ ಮುಟ್ಟಿಸುವ ಹಳೆಯ ವ್ಯವಸ್ಥೆ.

ಇದ್ದೆ. ಬೇಕಂತಲೇ ಇದ್ದೆ. ನನ್ನ ಕಂಪ್ಯೂಟರಿನ ಲಿನಕ್ಸ್, ಉಬುಂಟು 22.04, ತಾನಾಗಿ ಎಕ್ಸ್ ಬದಲಿಗೆ ಬಂದ ಹೊಸ ವ್ಯವಸ್ಥೆ ವೇಲ್ಯಾಂಡ್‌ನಲ್ಲೇ ತೆರೆದುಕೊಳ್ಳುತ್ತಿತ್ತು. ಲಾಗಿನ್ ಪರದೆಯ ಮೂಲೆಯ ಹಲ್ಲಿನ ಚಕ್ರ ಒತ್ತಿ ಎಕ್ಸ್‌ಆರ್ಗ್‌ಗೆ, ಅಂದರೆ ಎಕ್ಸ್‌ಗೇ, ಬದಲಾಯಿಸಿದ್ದು ನಾನೇ. ಕಾರಣ ಎಕ್ಸ್‌ಡೂಟೂಲ್, ನಮ್ಮ ಬದಲು ತಾನೇ ಕೀಲಿ ಒತ್ತುವ ಪ್ರೋಗ್ರಾಂ. "ತುಮಕೂರು ತಾಲ್ಲೂಕು, ತುಮಕೂರು ಜಿಲ್ಲೆ, 572101" ಅಂತ ದಿನವೆಲ್ಲ ಹೊಡೆದು ಬೆರಳು ಸವೆದಿದ್ದವು. ಅದಕ್ಕೊಂದು ಸ್ಕ್ರಿಪ್ಟ್ ಬರೆದಿಟ್ಟಿದ್ದೆ. ಎಫ್8 ಒತ್ತಿದರೆ ಸಾಕು, ಯಾವ ಕಿಟಕಿಯಲ್ಲಿದ್ದರೂ ಟಕಟಕ ಬಂದು ಬೀಳುತ್ತದೆ. ವೇಲ್ಯಾಂಡ್‌ನಲ್ಲಿ ಈ ಆಟ ನಡೆಯುವುದಿಲ್ಲ. ಒಬ್ಬರ ಕಿಟಕಿಯೊಳಗೆ ಇನ್ನೊಬ್ಬರು ಕೈ ಹಾಕಲು ಅದು ಬಿಡುವುದಿಲ್ಲ.

ಹುಡುಗ ಆದೇಶ ಟೈಪಿಸುವ ಟರ್ಮಿನಲ್ ಕಿಟಕಿ ತೆರೆದು, ಒತ್ತಿದ ಕೀಲಿಗಳನ್ನು ತೋರಿಸುವ ಎಕ್ಸ್‌ಇನ್‌ಪುಟ್ ಟೆಸ್ಟ್ ಅಂತ ಕೊಟ್ಟ, ಕೀಬೋರ್ಡಿನ ನಂಬರ್ ಸೇರಿಸಿದ. ರೂಟ್, ಅಂದರೆ ಯಜಮಾನನ, ಪಾಸ್‌ವರ್ಡ್ ಕೇಳಲಿಲ್ಲ. ಏನೂ ಕೇಳಲಿಲ್ಲ. ಪಕ್ಕದಲ್ಲಿ ಫೈರ್‌ಫಾಕ್ಸ್ ತೆರೆದು, "ನಿಮ್ಮ ಪಾಸ್‌ವರ್ಡ್ ಹೊಡೀರಿ ಮಾವ, ನಾನು ಆ ಕಡೆ ತಿರುಗ್ತೀನಿ" ಅಂದ. ಹೊಡೆದೆ. ಬ್ರೌಸರಿನಲ್ಲಿ ಬರೀ ಚುಕ್ಕೆಗಳು. ಟರ್ಮಿನಲ್‌ನಲ್ಲಿ ಸಾಲು ಸಾಲಾಗಿ ಇಳಿಯಿತು. ಕೀ ಪ್ರೆಸ್ 38. ಕೀ ರಿಲೀಸ್ 38. ಆಮೇಲೆ ಉಳಿದವು.

"38 ಅಂದ್ರೆ ಎ. ನಿಮ್ಮ ನುಡಿ ಕೀಲಿಯಲ್ಲಿ ಅ," ಅಂದ. ಈಗ ಪರದೆ ಕಡೆ ತಿರುಗಿ.

ನನ್ನ ಪಾಸ್‌ವರ್ಡ್ 'ಅ'ದಿಂದ ಶುರುವಾಗುತ್ತಿತ್ತು. ಈಗಿಲ್ಲ ಬಿಡಿ.

ಆಮೇಲೆ ಕೇಳಿದ ನೋಡಿ: "ದಿನಕ್ಕೆ ಎಷ್ಟು ಜನ ಇಲ್ಲಿ ಕೂತು ಪಾಸ್‌ವರ್ಡ್ ಹೊಡೀತಾರೆ ಮಾವ?"

ಅವನು ಅವತ್ತೇ ಸಂಜೆ ರೈಲು ಹತ್ತಿದ. ಪ್ರಶ್ನೆ ಇಲ್ಲೇ ಉಳಿಯಿತು.

ಎಕ್ಸ್ ಶುರುವಾಗಿದ್ದು 1984ರಲ್ಲಿ, ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ. ನಾವು ಬಳಸುವ ಹನ್ನೊಂದನೇ ಆವೃತ್ತಿ 1987ರದ್ದು. ಆಗ ಪರದೆ ಮೇಲಿದ್ದ ಪ್ರೋಗ್ರಾಂಗಳೆಲ್ಲ ಒಂದೇ ಮನೆಯವು ಅನ್ನುವ ಲೆಕ್ಕ. ನಮ್ಮ ತಾತನ ತೊಟ್ಟಿಮನೆ ಹಾಗೇ ಇತ್ತು. ಬೀದಿ ಬಾಗಿಲಿಗೆ ಅಗುಳಿ ಹಾಕಿದರೆ ಮುಗೀತು, ಒಳಗಿನ ಕೋಣೆಗಳಿಗೆ ಚಿಲಕವೇ ಇರಲಿಲ್ಲ. ಯಾರು ಏನು ಮಾತಾಡಿದರೂ ಅಡುಗೆಮನೆಗೆ ಕೇಳಿಸುತ್ತಿತ್ತು. 2008ರಲ್ಲಿ ವೇಲ್ಯಾಂಡ್ ಶುರುವಾದಾಗ ಕೋಣೆಗೊಂದು ಬಾಗಿಲು ಬಂತು. ಬಾಗಿಲು ಬಂದರೆ ಎಫ್8 ಥರದವರಿಗೆ ತೊಂದರೆ.

ನನಗೆ ಚುಚ್ಚುವುದು ಬೇರೆ. ಕ್ಯಾತ್ಸಂದ್ರದಿಂದ ಪಿಂಚಣಿ ಕೆಲಸಕ್ಕೆ ಬರುವ ಅಜ್ಜಿ ಓಟಿಪಿಯನ್ನು ಕೂಗಿ ಹೇಳುತ್ತಾರೆ. ಹಿಂದೆ ನಾಲ್ಕು ಜನ ನಿಂತಿರುತ್ತಾರೆ. "ಮೆಲ್ಲಗೆ ಅಜ್ಜಿ" ಅಂದರೆ, "ನೀನಿದ್ದೀಯಲ್ಲಪ್ಪ" ಅನ್ನುತ್ತಾರೆ. ನಾನಿದ್ದೀನಿ, ಸರಿ. ನನ್ನ ಕಂಪ್ಯೂಟರ್? ಎಲ್ಲಿಂದಲೋ ಇಳಿಸಿಕೊಂಡ ಒಂದು ಕೆಟ್ಟ ಪ್ರೋಗ್ರಾಂ ಸಾಕಿತ್ತು, ಸುಮ್ನೆ ಕೂತು ಎಲ್ಲರದ್ದೂ ಬರೆದುಕೊಳ್ಳೋಕೆ. ಹಾಗೇನೂ ಆಗಿಲ್ಲ ಅಂದುಕೊಂಡಿದ್ದೇನೆ. ಅಂದುಕೊಂಡಿದ್ದೇನೆ, ಅಷ್ಟೇ.

ಮಂಗಳವಾರ ಕಂಪ್ಯೂಟರಿನಲ್ಲಿ ಎರಡು ಖಾತೆ ಮಾಡಿದೆ. ಮನವಿ ಪತ್ರ ಟೈಪಿಸೋಕೆ ನನ್ನದು, ಎಕ್ಸ್‌ಆರ್ಗ್‌ನಲ್ಲಿ. ಆನ್‌ಲೈನ್ ಅರ್ಜಿಗೆಲ್ಲ ಇನ್ನೊಂದು, ವೇಲ್ಯಾಂಡ್‌ನಲ್ಲಿ. ಅದರಲ್ಲಿ ಎಕ್ಸ್‌ಇನ್‌ಪುಟ್ ಓಡಿಸಿ ಬ್ರೌಸರಿನಲ್ಲಿ ಎ ಒತ್ತಿದೆ. ಸದ್ದಿಲ್ಲ. ಮತ್ತೆ ಒತ್ತಿದೆ. ಹತ್ತು ಸಲ ಒತ್ತಿರಬೇಕು.

ಹುಡುಗನಿಗೆ ಫೋನ್ ಮಾಡಿ ಹೇಳಿದೆ. "ಎರಡು ದೋಣಿ ಮೇಲೆ ಕಾಲು ಮಾವ. 25.10 ಆವೃತ್ತಿಯಲ್ಲಿ ಉಬುಂಟು ಆ ಎಕ್ಸ್‌ಆರ್ಗ್ ಆಯ್ಕೆಯನ್ನೇ ತೆಗೆದುಹಾಕಿದೆ," ಅಂದ. ಗೊತ್ತು ಕಣೋ. ಹಳೆಯದು ನಡೆಯುವಷ್ಟು ದಿನ ನಡೆಯಲಿ. ನೀನು ಮೊದಲು ಲೋಟ ತೊಳೆಯೋದು ಕಲಿ ಅಂದೆ.

ಆನ್‌ಲೈನ್ ಅರ್ಜಿಗಳೇ ಜಾಸ್ತಿ ನಮ್ಮಲ್ಲಿ. ಅಲ್ಲಿ ಎಫ್8 ಸತ್ತಿದೆ. ಇವತ್ತು ಊಟದ ಹೊತ್ತಿಗೆ 572101 ಕೈಯಲ್ಲೇ ಹದಿನೇಳು ಸಲ ಹೊಡೆದಾಯ್ತು.