ಸುರಂಗಕ್ಕೆ ಮುಚ್ಚಳ ಎಲ್ಲಿಂದ ತರುವುದು? ಪರಿಸರಹತ್ಯೆಯ ಕಾನೂನು ಮತ್ತು ಕ್ವೇಕರರು

ವಿಮಾನ, ಹೆಲಿಕಾಪ್ಟರುಗಳಿಂದ ತೋಟಕ್ಕೆ ಕೀಟನಾಶಕದ ಮದ್ದು ಬಿಡುವಾಗ ಪಾಲಿಸಬೇಕಾದ ನಿಯಮಗಳಲ್ಲಿ ಒಂದು, ಕುಡಿಯುವ ನೀರಿನ ಮೂಲಗಳನ್ನು ಮುಚ್ಚಿಡಬೇಕು ಎಂಬುದು. ಬಾವಿಗಾದರೆ ಮಡಲೋ ಟಾರ್ಪಾಲೋ ಹೊದಿಸಬಹುದು. ಕೇರಳದ ಕಾಸರಗೋಡು ಜಿಲ್ಲೆಯ ಎಣ್ಮಕಜೆ, ಬೆಳ್ಳೂರು ಕಡೆಯ ಸುರಂಗಗಳಿಗೆ ಏನು ಹೊದಿಸುವುದು? ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ, ಒಬ್ಬ ಮನುಷ್ಯ ಹೊಕ್ಕು ಹೊರಬರುವಷ್ಟೇ ಅಗಲಕ್ಕೆ ಕೊರೆದ ದಾರಿ ಅದು. ಅದರ ಗೋಡೆ, ಮಾಡಿನಿಂದ ಒಸರುವ ನೀರು ಮೇಲಿನ ಗುಡ್ಡ ಕುಡಿದ ಮಳೆಯದು. ಬಾಯಿ ಮುಚ್ಚಿ ಫಲವಿಲ್ಲ, ಗುಡ್ಡವನ್ನೇ ಮುಚ್ಚಬೇಕು. ಗೇರುತೋಟ ಇದ್ದದ್ದು ಆ ಗುಡ್ಡಗಳ ಮೇಲೆಯೇ. 1970ರ ದಶಕದ ಕೊನೆಯಿಂದ 2000ದವರೆಗೆ ಅಲ್ಲಿ ಚಹಾ ಸೊಳ್ಳೆ ಎಂಬ ಗೇರಿನ ಕೀಟದ ಹಾವಳಿ ತಡೆಯಲೆಂದು ಆಕಾಶದಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿಯಲಾಯಿತು.

ಮುಂದಿನದ್ದು ಕಾಸರಗೋಡಿನವರಿಗೆ ಗೊತ್ತು: ಸುತ್ತಲಿನವರು ಕಾಯಿಲೆ ಬಿದ್ದರು, ಎಷ್ಟೋ ಮಕ್ಕಳು ಮಲಗಿದಲ್ಲೇ ಉಳಿದರು. 2011ರ ಏಪ್ರಿಲ್‌ನಲ್ಲಿ ಸ್ಟಾಕ್‌ಹೋಮ್ ಒಪ್ಪಂದದಡಿ ಜಗತ್ತು ಕೈಬಿಡಬೇಕಾದ ರಾಸಾಯನಿಕಗಳ ಪಟ್ಟಿಗೆ ಎಂಡೋಸಲ್ಫಾನ್ ಸೇರಿತು, ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ನಿಷೇಧಿಸಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ಕೊಡಬೇಕೆಂದು ಅದೇ ಕೋರ್ಟ್ ಆದೇಶಿಸಿತು. ಇದೆಲ್ಲ ಪರಿಹಾರದ ಮಾತಾಯಿತು. ಅಪರಾಧದ ಮಾತು ಬೇರೆ.

ಪರಿಸರಹತ್ಯೆಯನ್ನು, ಅಂದರೆ ಇಕೋಸೈಡನ್ನು, ಅಂತರರಾಷ್ಟ್ರೀಯ ಅಪರಾಧವಾಗಿಸಬೇಕೆಂಬ ಬೇಡಿಕೆಗೆ 2021ರಲ್ಲಿ ಒಂದು ಗಟ್ಟಿ ರೂಪ ಬಂತು. ಫಿಲಿಪ್ ಸ್ಯಾಂಡ್ಸ್ ಮತ್ತು ಡಿಯೋರ್ ಫಾಲ್ ಸೋ ಅಧ್ಯಕ್ಷರಾಗಿದ್ದ ತಜ್ಞರ ಸಮಿತಿ ಕೊಟ್ಟ ವ್ಯಾಖ್ಯೆಯ ತಿರುಳು ಇಷ್ಟು: ಪರಿಸರಕ್ಕೆ ತೀವ್ರ ಹಾನಿಯಾಗುವ ಗಣನೀಯ ಸಾಧ್ಯತೆ ಇದೆಯೆಂದು ಗೊತ್ತಿದ್ದೂ ಮಾಡಿದ ಕಾನೂನುಬಾಹಿರ ಅಥವಾ ಹೊಣೆಗೇಡಿ ಕೃತ್ಯ, ಆ ಹಾನಿ ತೀವ್ರವಾಗಿದ್ದರೆ ಸಾಲದು, ವ್ಯಾಪಕವೋ ದೀರ್ಘಕಾಲದ್ದೋ ಆಗಿರಬೇಕು. 2024ರಲ್ಲಿ ವನುವಾಟು, ಫಿಜಿ, ಸಮೋವಾ ದೇಶಗಳು ಇದನ್ನು ಹೇಗ್ ನಗರದ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯದ ಮೂಲ ಒಪ್ಪಂದವಾದ ರೋಮ್ ಶಾಸನಕ್ಕೆ ಸೇರಿಸಲು ಪ್ರಸ್ತಾಪ ಮಂಡಿಸಿದವು. ಈಗ ಅಲ್ಲಿರುವ ಅಪರಾಧಗಳು ನಾಲ್ಕೇ: ಜನಾಂಗಹತ್ಯೆ, ಮಾನವತೆಯ ವಿರುದ್ಧದ ಅಪರಾಧ, ಯುದ್ಧಾಪರಾಧ, ಆಕ್ರಮಣ. ಐದನೆಯದು ಸೇರಲು ಸದಸ್ಯ ದೇಶಗಳ ಮೂರನೇ ಎರಡರಷ್ಟು ಒಪ್ಪಿಗೆ ಬೇಕು. ಭಾರತ ಸದಸ್ಯನಲ್ಲ. ಆದರೆ ವಿಯೆಟ್ನಾಂ ಹಿಂದೆಯೇ, ಬೆಲ್ಜಿಯಂ 2024ರಲ್ಲಿ ಮಾಡಿದಂತೆ ನಮ್ಮದೇ ದಂಡಸಂಹಿತೆಗೆ ಇದನ್ನು ತರಲು ಯಾರ ಅಡ್ಡಿಯೂ ಇಲ್ಲ.

ವ್ಯಾಖ್ಯೆಯನ್ನು ನಮ್ಮ ಗುಡ್ಡದ ಮೇಲಿಟ್ಟು ಓದಿದರೆ ಎಲ್ಲಿ ಸಿಕ್ಕಿಕೊಳ್ಳುತ್ತದೆ ಎಂಬುದು ಕಾಣುತ್ತದೆ. ಆಗ ಎಂಡೋಸಲ್ಫಾನ್ ನೋಂದಾಯಿತ ಕೀಟನಾಶಕ. ಹಾಗಾಗಿ 'ಕಾನೂನುಬಾಹಿರ' ಎನ್ನಲು ಹಾರಾಟದ ಎತ್ತರ, ನೀರಿನ ಮೂಲಗಳಂಥ ಷರತ್ತು ಮುರಿದದ್ದನ್ನು ತೋರಿಸಬೇಕು. 'ಹೊಣೆಗೇಡಿ' ಎನ್ನಲು, ನಿರೀಕ್ಷಿತ ಸಾಮಾಜಿಕ, ಆರ್ಥಿಕ ಲಾಭಕ್ಕಿಂತ ಹಾನಿ ಸ್ಪಷ್ಟವಾಗಿ ಮಿಗಿಲು ಎಂದು ತೂಗಿ ತೋರಿಸಬೇಕು. ಈ ತಕ್ಕಡಿ ನನಗೆ ಒಪ್ಪಿಗೆಯಿಲ್ಲ. ಲಾಭ ಒಬ್ಬನ ತಟ್ಟೆಗೆ, ಹಾನಿ ಇನ್ನೊಬ್ಬರ ಮಗುವಿಗೆ ಆದಾಗ ಎರಡನ್ನೂ ಒಂದೇ ತಕ್ಕಡಿಗೆ ಹಾಕುವುದು ಹೇಗೆ?

ಇಲ್ಲಿಯೇ ಕ್ವೇಕರರ ನೋಟ ನೆರವಿಗೆ ಬರುವುದು. 17ನೇ ಶತಮಾನದ ಇಂಗ್ಲೆಂಡಿನಲ್ಲಿ ಹುಟ್ಟಿದ, ಮೌನವೇ ಆರಾಧನೆಯಾದ ಈ ಪಂಥ ಸಮಾನತೆ, ಸತ್ಯ, ಶಾಂತಿ, ಸರಳತೆಗಳನ್ನು ಬದುಕಿ ತೋರಿಸಬೇಕಾದ ಸಾಕ್ಷ್ಯಗಳೆಂದು ಎಣಿಸುತ್ತದೆ. ಅವರಲ್ಲಿ 18ನೇ ಶತಮಾನದ ಜಾನ್ ವುಲ್ಮನ್ ಎಂಬಾತ ಕಾಗದಪತ್ರ ಬರೆದುಕೊಡುತ್ತಿದ್ದವನು. ಒಮ್ಮೆ ಯಜಮಾನನ ಮಾತಿಗೆ ಕಟ್ಟುಬಿದ್ದು ಒಬ್ಬ ಗುಲಾಮ ಹೆಂಗಸಿನ ಮಾರಾಟಪತ್ರ ಬರೆದ, ಮನಸ್ಸು ಚುಚ್ಚಿತು, ಆಮೇಲೆ ಅಂಥ ಪತ್ರ ಬರೆಯಲು ಒಪ್ಪಲಿಲ್ಲ. ಗುಲಾಮಗಿರಿ ಆಗ ಕಾನೂನುಬದ್ಧವೇ ಆಗಿತ್ತು. ಪರವಾನಗಿ ಇದೆ ಎಂಬುದು ಕೈಯ ಹೊಣೆಯನ್ನು ತೊಳೆಯುವುದಿಲ್ಲ. ಹೇಗ್‌ನ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ ವಿಚಾರಿಸುವುದೂ ಕಂಪನಿಯನ್ನಲ್ಲ, 18 ದಾಟಿದ ವ್ಯಕ್ತಿಯನ್ನು. ರುಜು ಹಾಕಿದ ಕೈಯನ್ನು.

ಆದರೆ ಜೈಲಿನ ವಿಷಯದಲ್ಲಿ ಕ್ವೇಕರರಿಗೆ ಹಿಂಜರಿಕೆಯಿದೆ, ಅದು ಸರಿಯಾದ ಹಿಂಜರಿಕೆ. ಕೈದಿಗಳ ಸ್ಥಿತಿ ಸುಧಾರಿಸಲು ದುಡಿದ ಎಲಿಜಬೆತ್ ಫ್ರೈ ಅವರವಳೇ. ಗರಿಷ್ಠ 30 ವರ್ಷವೋ ಜೀವಾವಧಿಯೋ ಕೊಟ್ಟರೆ ಒಸರುವ ನೀರು ಶುದ್ಧವಾಗದು. ಹಾನಿಯನ್ನು ಒಪ್ಪಿಕೊಂಡು, ನಿಷೇಧದ ನಂತರವೂ ಗೋದಾಮಿನಲ್ಲಿ ಉಳಿದ ದಾಸ್ತಾನಿನಂಥದ್ದನ್ನು ವಿಲೇವಾರಿ ಮಾಡಿ, ಮಲಗಿದಲ್ಲೇ ಇರುವ ಮಕ್ಕಳ ಆರೈಕೆಗೆ ಹೆಗಲು ಕೊಡುವ ನ್ಯಾಯ ಬೇಕು. ಮೇಲಾಗಿ ಹೊಸ ಅಪರಾಧ ಹಿಂದಿನದಕ್ಕೆ ಅನ್ವಯಿಸದು. ಅದರ ಬಲವೆಲ್ಲ ಮುಂದಿನ ರುಜುವಿನ ಮೇಲೆ.

ಹಾಗಾಗಿ ಪುರಾವೆಯ ಕೆಲಸ ಮೊದಲೇ ಶುರುವಾಗಬೇಕು. ನೀರಿನ ಮಾದರಿಯನ್ನು ಪ್ಲಾಸ್ಟಿಕ್ ಬಾಟಲಿಯಲ್ಲಿ ಹಿಡಿದರೆ ಕೆಟ್ಟಿತು, ಇಂಥ ರಾಸಾಯನಿಕ ಪ್ಲಾಸ್ಟಿಕ್ಕಿಗೆ ಅಂಟಿಕೊಳ್ಳುತ್ತದೆ. 1 ಲೀಟರಿನ ಕಂದು ಗಾಜಿನ ಬಾಟಲಿ, ಟೆಫ್ಲಾನ್ ಪದರದ ಮುಚ್ಚಳ, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ 4 ಡಿಗ್ರಿ ಸೆಲ್ಸಿಯಸ್ ಹತ್ತಿರ, 7 ದಿನದೊಳಗೆ ಲ್ಯಾಬಿನಲ್ಲಿ ನೀರಿನಿಂದ ರಾಸಾಯನಿಕವನ್ನು ಹೊರತೆಗೆಯುವ ಕೆಲಸ ಆಗಬೇಕು. ಮದ್ದು ಬಿಡದ ಗುಡ್ಡದಿಂದಲೂ ಒಂದು ಮಾದರಿ ಬೇಕು, ಹೋಲಿಸಲು. ಲ್ಯಾಬಿನವರಿಗೆ ಎಂಡೋಸಲ್ಫಾನಿನ ಆಲ್ಫಾ, ಬೀಟಾ ಎಂಬ ಎರಡು ರೂಪಗಳ ಜೊತೆ ಎಂಡೋಸಲ್ಫಾನ್ ಸಲ್ಫೇಟನ್ನೂ ಅಳೆಯಲು ಬರೆದೇ ಕೊಡಬೇಕು. ಮೂಲ ವಸ್ತು ಮಣ್ಣಿನಲ್ಲಿ ಸಲ್ಫೇಟಾಗಿ ಬದಲಾಗಿ, ಇನ್ನೂ ಹೆಚ್ಚು ಕಾಲ ಉಳಿಯುತ್ತದೆ. ಮೊದಲ ಎರಡನ್ನೇ ಹುಡುಕಿದರೆ 'ಪತ್ತೆಯಾಗಿಲ್ಲ' ಎಂಬ ವರದಿ ಬರಬಹುದು, ಅದೇ ಕಾಗದ ಊರಿನ ವಿರುದ್ಧ ಸಾಕ್ಷಿಯಾಗುತ್ತದೆ. ಬಾಟಲಿ ಯಾರ ಕೈಯಿಂದ ಯಾರ ಕೈಗೆ, ಎಷ್ಟು ಹೊತ್ತಿಗೆ ಹೋಯಿತೆಂದು ಪ್ರತಿಸಲವೂ ರುಜು ಬೇಕು.

ಕ್ವೇಕರರಿಂದ ಕಲಿಯಬೇಕಾದ ಇನ್ನೊಂದು ಕ್ರಮ ಸಭೆಯ ನಡಾವಳಿಯದು. ಅವರಲ್ಲಿ ಓಟು ಹಾಕುವ ರೂಢಿಯಿಲ್ಲ. ಸಭೆ ಒಂದು ನಿಲುವಿಗೆ ಬಂದಾಗ ಗುಮಾಸ್ತ ಅಲ್ಲೇ ನಿರ್ಣಯ ಬರೆದು ಗಟ್ಟಿಯಾಗಿ ಓದುತ್ತಾನೆ. ತಿದ್ದಬೇಕಾದ್ದನ್ನು ತಿದ್ದಿ, ಎಲ್ಲರೂ ಒಪ್ಪಿದ ಮೇಲೆಯೇ ಮುಂದಿನ ಮಾತು. ನಮ್ಮಲ್ಲಿ ನಡಾವಳಿ ವಾರ ಕಳೆದು ಯಾರದೋ ಮನೆಯಲ್ಲಿ ತಯಾರಾಗುತ್ತದೆ. ತುಳುವಿನಲ್ಲಿ ಆಡಿದ ಮಾತು ಮಲಯಾಳದ ಕಡತಕ್ಕೆ ಹೋಗುವಾಗ 'ಮೂರು ಸುರಂಗದ ನೀರು' ಎಂಬುದು 'ನೀರಿನ ಸಮಸ್ಯೆ' ಆಗಿಬಿಟ್ಟರೆ ಹಿಡಿಯುವವರಿಲ್ಲ. ಸ್ಥಳದಲ್ಲೇ ಕನ್ನಡದಲ್ಲಿ ಬರೆದು, ಓದಿ ಹೇಳಿ, ರುಜು ಹಾಕಿಸಿ, ಅನುವಾದವನ್ನು ಬೇರೆಯಾಗಿ ಲಗತ್ತಿಸುವುದು ಲೇಸು.

ಆ ನಿರ್ಣಯವನ್ನು, ಮದ್ದು ಬಿಡುವ ಆದೇಶಕ್ಕೆ ರುಜು ಹಾಕಬೇಕಾದ ಅಧಿಕಾರಿಯ ಹುದ್ದೆಯನ್ನು ನಮೂದಿಸಿ, ಸ್ವೀಕೃತಿ ದಾಖಲೆ ಸಿಗುವಂತೆ ಅಂಚೆಯಲ್ಲಿ ಕಳಿಸಬೇಕು: ಎಷ್ಟು ಸುರಂಗ, ತೋಟದಿಂದ ಎಷ್ಟು ಮೀಟರು, ಎಷ್ಟು ಮನೆಯವರು ಆ ನೀರು ಕುಡಿಯುತ್ತಾರೆ. ವ್ಯಾಖ್ಯೆಯಲ್ಲಿನ 'ಗೊತ್ತಿದ್ದೂ' ಎಂಬ ಪದಕ್ಕೆ ಆ ಸ್ವೀಕೃತಿಯ ಮೇಲಿನ ತಾರೀಕೇ ಆಧಾರ.