ಪಡುಗಾಳಿ ಬರುವವರೆಗೆ

2023ರ ಜನವರಿಯಲ್ಲಿ ಅಪ್ಪಯ್ಯ ಕುಂದಾಪುರದಿಂದ ಮುಂಬಯಿಗೆ, ಚೆಂಬೂರಿನ ನಮ್ಮ ಮನೆಗೆ ಬಂದಿದ್ದರು. ಬೆಳಗಿನ ಐದೂವರೆಗೆ ಎದ್ದು ಒಂದು ಗಂಟೆ ನಡೆಯುವುದು ಅವರ ಬಹುಕಾಲದ ರೂಢಿ. ಸೂರ್ಯ ಹುಟ್ಟುವ ಮೊದಲಿನ ಗಾಳಿಯಷ್ಟು ಚೊಕ್ಕಟವಾದ ಗಾಳಿ ಬೇರೆಯಿಲ್ಲ ಎಂಬ ಮಾತನ್ನು ಅವರ ಬಾಯಿಂದಲೇ ಕೇಳಿ ಬೆಳೆದವನಾದ್ದರಿಂದ, ಅವರಿಗೆ ಆಸ್ತಮಾ ಇದ್ದರೂ ಆ ಹೊತ್ತಿನಲ್ಲಿ ಹೊರಗೆ ಕಳುಹಿಸಲು ನಾನು ಹಿಂದೆಮುಂದೆ ನೋಡಲಿಲ್ಲ. ನಾಲ್ಕನೆಯ ದಿನ ಅರ್ಧ ದಾರಿಯಿಂದಲೇ ಮರಳಿದ ಅಪ್ಪಯ್ಯ ಕೆಳಗೆ ವಾಚ್‌ಮನ್‌ನ ಕುರ್ಚಿಯಲ್ಲಿ ಕುಸಿದು ಕುಳಿತಿದ್ದರು. ಮಾತು ಹೊರಡುತ್ತಿರಲಿಲ್ಲ. ಇನ್‌ಹೇಲರ್ ಸಾಲದೆ, ಹತ್ತಿರದ ಆಸ್ಪತ್ರೆಯಲ್ಲಿ ನೆಬ್ಯುಲೈಜರ್ ಹಾಕಿಸಬೇಕಾಯಿತು.

ಉಸಿರು ಹದಕ್ಕೆ ಬಂದ ಮೇಲೆ ವೈದ್ಯರು ಕೇಳಿದ ಮೊದಲ ಪ್ರಶ್ನೆ, ಅವರು ನಡೆಯಲು ಹೋದದ್ದು ಎಷ್ಟು ಹೊತ್ತಿಗೆ ಎಂಬುದಾಗಿತ್ತು.

ಮರುದಿನ ನಸುಕಿನಲ್ಲಿ ನಾನು ಹತ್ತೊಂಬತ್ತನೆಯ ಮಹಡಿಯ ಬಾಲ್ಕನಿಯಲ್ಲಿ ನಿಂತು ತೈಲ ಶುದ್ಧೀಕರಣ ಕಾರ್ಖಾನೆಗಳಿರುವ ಮಾಹುಲಿನ ಕಡೆಗೆ ನೋಡಿದೆ. ಚಿಮಣಿಯ ಹೊಗೆ ಸ್ವಲ್ಪ ದೂರ ಮೇಲೇರಿ, ಕಾಣದ ಮುಚ್ಚಳಕ್ಕೆ ತಾಗಿದಂತೆ ಬಾಗಿ, ಕಾವಲಿಯ ಮೇಲಿನ ದೋಸೆಯ ಹಾಗೆ ಅಡ್ಡಕ್ಕೆ ಹರಡಿಕೊಂಡಿತ್ತು. ಅದರ ಮೇಲೆ ತಿಳಿಯಾದ ಆಕಾಶ, ಕೆಳಗೆ ಬೂದುಬಣ್ಣದಲ್ಲಿ ಮುಳುಗಿದ ಊರು.

ಸಾಮಾನ್ಯವಾಗಿ ಒಂದು ಕಿಲೋಮೀಟರ್ ಮೇಲೇರಿದರೆ ಉಷ್ಣಾಂಶ ಸುಮಾರು 6.5 ಡಿಗ್ರಿ ಇಳಿಯುತ್ತದೆ. ನೆಲದ ಬಿಸಿಗಾಳಿ ಏರುತ್ತ ಹೊಗೆಯನ್ನೂ ಮೇಲಕ್ಕೆ ಒಯ್ಯುತ್ತದೆ. ಚಳಿಗಾಲದ ನಿರ್ಮಲವಾದ ದೀರ್ಘ ರಾತ್ರಿಗಳಲ್ಲಿ ನೆಲ ಬೇಗ ತಣಿದು, ತನಗೆ ತಾಗಿದ ಗಾಳಿಯನ್ನೂ ತಣಿಸುವುದರಿಂದ, ತಂಪಾದ ಭಾರದ ಗಾಳಿ ಕೆಳಗೂ ಬೆಚ್ಚಗಿನದು ಮೇಲೂ ಉಳಿಯುತ್ತದೆ. ಇದೇ ಉಷ್ಣಾಂಶದ ವಿಲೋಮ. ಲಾರಿಗಳ ಹೊಗೆ, ಕಟ್ಟಡ ಕಾಮಗಾರಿಯ ಧೂಳು, ಬೇಕರಿಯ ಒಲೆ, ಎಲ್ಲವೂ ಆ ಮುಚ್ಚಳದ ಅಡಿಯಲ್ಲೇ ಸೇರಿಕೊಳ್ಳುತ್ತವೆ. ಇದು ದೆಹಲಿಯ ಸಂಕಟ, ಕಡಲ ತಡಿಯ ಮುಂಬಯಿಗೆ ತಟ್ಟದು ಎಂದು ನಾನು ನಂಬಿದ್ದೆ. ಮಳೆಗಾಲದ ಮಟ್ಟಿಗೆ ಆ ನಂಬಿಕೆ ಬಹುಪಾಲು ಸರಿ. ಚಳಿಗಾಲದಲ್ಲಿ ರಾತ್ರಿಯ ಗಾಳಿ ನೆಲದಿಂದ ಕಡಲ ಕಡೆಗೆ ದುರ್ಬಲವಾಗಿ ಬೀಸುತ್ತದೆ, ಕಡಲ ಗಾಳಿ ಒಳಬರುವುದು ತಡವಾಗುತ್ತದೆ.

ಬಿಸಿಲು ಬಂದೊಡನೆ ಎಲ್ಲವೂ ತಿಳಿಯಾಗುವುದೂ ಇಲ್ಲ. ನೆಲ ಕಾಯುತ್ತಿದ್ದಂತೆ ಗಾಳಿ ಕದಡಿ, ಮೇಲೆ ನಿಂತಿದ್ದ ಹೊಗೆ ಮೊದಲು ಕೆಳಕ್ಕೇ ಇಳಿಯುತ್ತದೆ. ಮಕ್ಕಳು ಶಾಲೆಯ ಬಸ್ಸಿಗಾಗಿ ರಸ್ತೆ ಬದಿಯಲ್ಲಿ ನಿಲ್ಲುವ ಹೊತ್ತೂ ಹೆಚ್ಚುಕಡಿಮೆ ಅದೇ ಎಂಬುದು ನನ್ನನ್ನು ಇಂದಿಗೂ ಕಾಡುತ್ತದೆ. ಗಾಳಿಯ ಅತಿಸೂಕ್ಷ್ಮ ಕಣಗಳಿಗೆ ನಮ್ಮ ದೇಶದ ದೈನಿಕ ಮಿತಿ ಘನ ಮೀಟರಿಗೆ 60 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿದ್ದು 15. ಆ ವಾರ ಬೆಳಗಿನ ಹೊತ್ತು ನನ್ನ ಫೋನು ತೋರಿಸಿದ ಅಂಕಿ ಒಂದು ದಿನವೂ 60ಕ್ಕಿಂತ ಕೆಳಗೆ ಇಳಿದಿರಲಿಲ್ಲ.

ನಮ್ಮ ಕಟ್ಟಡದ ವಾಚ್‌ಮನ್ ರಾತ್ರಿ ಒಣ ಎಲೆ, ರಟ್ಟು ಸುಟ್ಟು ಮೈ ಕಾಯಿಸಿಕೊಳ್ಳುತ್ತಿದ್ದುದನ್ನು ದಿನವೂ ಕಂಡಿದ್ದೆವು. ಅವನಿಗೆ ಒಂದು ದಪ್ಪ ಕಂಬಳಿಯನ್ನೂ ಸ್ವೆಟರನ್ನೂ ಕೊಡಬೇಕೆಂದು ಯಾರಿಗೂ ತೋಚಿರಲಿಲ್ಲ. ಅಂದು ಸಂಜೆ ತಂದುಕೊಟ್ಟೆ.

ಅಪ್ಪಯ್ಯ ಊರಿಗೆ ಮರಳುವವರೆಗೂ ನಡಿಗೆಯ ಹೊತ್ತನ್ನು ಮಧ್ಯಾಹ್ನದ ಮೇಲಕ್ಕೆ ಬದಲಿಸಿದರು. ಊಟ ಮುಗಿಸಿ ಬಾಲ್ಕನಿಯಲ್ಲಿ ಕುಳಿತು ಚಿಮಣಿಯನ್ನೇ ನೋಡುತ್ತಿದ್ದು, ಹೊಗೆ ಮೂಡಕ್ಕೆ ವಾಲಿದೊಡನೆ ಚಪ್ಪಲಿ ಮೆಟ್ಟಿಕೊಂಡು, "ಪಡುಗಾಳಿ ಬಂತು ಮಗಾ, ಹೊರಡುವ" ಎನ್ನುತ್ತಿದ್ದರು.